ಒಂದು ಕಾನೂನು, ಒಂದು ಹಡಗು, ಒಂದು ಕಾದಂಬರಿ: ಅಮೆರಿಕದ ನೌಕಾ ಇತಿಹಾಸದ ಒಂದು ತಿರುವನ್ನು ಓದುವ ದಾರಿ

ಅಮೆರಿಕದ ಇತಿಹಾಸದ ತಿರುವುಗಳು ಅಂದ ತಕ್ಷಣ ನಮಗೆ ನೆನಪಾಗುವುದು 1776, ಅಂತರ್ಯುದ್ಧ, ಪರ್ಲ್ ಹಾರ್ಬರ್, ಮಿಡ್‌ವೇ. ಇವನ್ನೆಲ್ಲ ಒಟ್ಟಿಗೆ ಓದಲು ಕೂತವರು ಬೇಗನೆ ಹೆಸರು, ತಾರೀಖುಗಳ ರಾಶಿಯಲ್ಲಿ ಕಳೆದುಹೋಗುತ್ತಾರೆ. ನನ್ನ ಸಲಹೆ ಬೇರೆ. ಒಂದೇ ಒಂದು ಚಿಕ್ಕ ತಿರುವನ್ನು ಹಿಡಿಯಿರಿ. ಅದರ ಕಾನೂನು, ಅದರ ಹಡಗು, ಅದರ ಸಾಹಿತ್ಯ ಮೂರನ್ನೂ ಪಕ್ಕಪಕ್ಕದಲ್ಲಿ ಇಟ್ಟು ಓದಿ. ಆ ಒಂದು ಕಿಟಕಿಯಿಂದ ಇಡೀ ಕಾಲ ಕಾಣುತ್ತದೆ.

ಇಲ್ಲಿ ನಾನು ಆರಿಸಿಕೊಂಡಿರುವುದು 1850ರ ಸೆಪ್ಟೆಂಬರ್ 28. ಅಮೆರಿಕದ ನೌಕಾಪಡೆಯಲ್ಲಿ ನಾವಿಕರಿಗೆ ಚಾಟಿ ಏಟು ಕೊಡುವ ಶಿಕ್ಷೆಯನ್ನು ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ರದ್ದು ಮಾಡಿದ ದಿನ ಅದು. ಅದೇ ವರ್ಷ ಹರ್ಮನ್ ಮೆಲ್ವಿಲ್ ಅವರ 'ವೈಟ್-ಜಾಕೆಟ್' ಕಾದಂಬರಿ ಬಂತು. ಜನವರಿಯಲ್ಲಿ ಲಂಡನ್‌ನಲ್ಲಿ, ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನಲ್ಲಿ. ಯುದ್ಧನೌಕೆಯ ಮೇಲೆ ಬಿದ್ದ ಚಾಟಿ ಏಟುಗಳನ್ನು ಕಣ್ಣಾರೆ ಕಂಡವರು ಬರೆದ ಪುಸ್ತಕ ಅದು. ಕಾನೂನು ಮತ್ತು ಕಾದಂಬರಿ ಇಷ್ಟು ಹತ್ತಿರ ಹತ್ತಿರ ನಿಲ್ಲುವ ಸಂದರ್ಭಗಳು ಕಡಿಮೆ. ಅದಕ್ಕೇ ಕಲಿಯುವವರಿಗೆ ಇದು ಒಳ್ಳೆಯ ಆರಂಭ.

ಬೇಕಾಗುವುದು ಒಂದು ನೋಟ್‌ಬುಕ್, ಇಂಟರ್ನೆಟ್, ಮೂರು ನಾಲ್ಕು ವಾರದ ಬಿಡುವು. ದುಡ್ಡು ಖರ್ಚು ಮಾಡಬೇಕಾಗಿಲ್ಲ. 'ವೈಟ್-ಜಾಕೆಟ್' ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಓದುವುದು ಕಷ್ಟ ಅನ್ನಿಸಿದರೆ ಲಿಬ್ರಿವಾಕ್ಸ್‌ನಲ್ಲಿ ಕೇಳಬಹುದು.

ಹೆಜ್ಜೆ 1: ಮೊದಲು ಕಾನೂನಿನ ಸಾಲನ್ನೇ ಓದಿ

ತುಂಬಾ ಜನ ಕಾದಂಬರಿಯಿಂದ ಶುರು ಮಾಡುತ್ತಾರೆ. ಬೇಡ. ಕಾದಂಬರಿಗೆ ನಮ್ಮನ್ನು ಒಲಿಸಿಕೊಳ್ಳುವ ಶಕ್ತಿ ಜಾಸ್ತಿ. ಒಮ್ಮೆ ಅದರ ಕಣ್ಣಿನಿಂದ ನೋಡಿದರೆ ಆಮೇಲೆ ಬೇರೆ ಏನನ್ನೂ ತಣ್ಣಗೆ ನೋಡಲು ಆಗುವುದಿಲ್ಲ.

ಅಮೆರಿಕದ ಕಾಂಗ್ರೆಸ್ ಮಾಡಿದ ಹಳೆಯ ಕಾನೂನುಗಳೆಲ್ಲ 'ಸ್ಟ್ಯಾಚ್ಯೂಟ್ಸ್ ಅಟ್ ಲಾರ್ಜ್' ಎಂಬ ಸಂಪುಟಗಳಲ್ಲಿವೆ. ಲೈಬ್ರರಿ ಆಫ್ ಕಾಂಗ್ರೆಸ್‌ನ ಜಾಲತಾಣದಲ್ಲಿ ನೋಡಬಹುದು. 1850 ಬರುವುದು 9ನೇ ಸಂಪುಟದಲ್ಲಿ. ಅಲ್ಲಿ ಚಾಟಿ ಏಟಿನ ಬಗ್ಗೆ ಬೇರೆಯದೇ ಒಂದು ಕಾನೂನು ಇರುತ್ತದೆ ಅಂತ ಹುಡುಕಿದರೆ ಸಿಗುವುದಿಲ್ಲ. ಅದು ಇರುವುದು ನೌಕಾಪಡೆಯ ವಾರ್ಷಿಕ ಖರ್ಚಿನ ಮಸೂದೆಯ ಒಳಗೆ. ಸಂಬಳ, ಸಾಮಾನಿನ ಲೆಕ್ಕದ ನಡುವೆ ಒಂದು ಷರತ್ತು: ನೌಕಾಪಡೆಯಲ್ಲೂ ವ್ಯಾಪಾರಿ ಹಡಗುಗಳಲ್ಲೂ ಚಾಟಿ ಏಟಿನ ಶಿಕ್ಷೆ ಇಂದಿನಿಂದ ರದ್ದು.

ಒಂದೇ ವಾಕ್ಯ. ಇದನ್ನು ನೋಟ್‌ಬುಕ್ಕಿನಲ್ಲಿ ನಿಮ್ಮ ಕೈಯಲ್ಲೇ ಬರೆದುಕೊಳ್ಳಿ. ಖರ್ಚಿನ ಮಸೂದೆಗೆ ಅಂಟಿಸಿದ್ದು ಯಾಕೆ ಅಂತ ಯೋಚಿಸಿ. ಖರ್ಚಿನ ಮಸೂದೆ ಬಿದ್ದರೆ ನೌಕಾಪಡೆಗೆ ಹಣವೇ ಇಲ್ಲ. ಹಾಗಾಗಿ ಅದನ್ನು ತಡೆಯುವುದು ವಿರೋಧಿಗಳಿಗೂ ಸುಲಭವಲ್ಲ. ಸಂಸತ್ತಿನ ಈ ಉಪಾಯ ಗೊತ್ತಾದರೆ ಅಮೆರಿಕದ ರಾಜಕೀಯದ ಎಷ್ಟೋ ತಿರುವುಗಳು ಅರ್ಥವಾಗುತ್ತವೆ.

ಹೆಜ್ಜೆ 2: ಅದಕ್ಕೂ ಮೊದಲು ಏನಿತ್ತು ಅಂತ ನೋಡಿ

1800ರ ಏಪ್ರಿಲ್‌ನಲ್ಲಿ ಕಾಂಗ್ರೆಸ್ ನೌಕಾಪಡೆಯ ಶಿಸ್ತಿಗಾಗಿ ಒಂದು ಕಾನೂನು ಮಾಡಿತ್ತು. ಅದರ ಪ್ರಕಾರ ಕ್ಯಾಪ್ಟನ್ ಯಾವ ವಿಚಾರಣೆಯೂ ಇಲ್ಲದೆ ಒಬ್ಬ ನಾವಿಕನಿಗೆ 12 ಏಟಿನವರೆಗೆ ಕೊಡಿಸಬಹುದು. ಕೋರ್ಟ್ ಮಾರ್ಷಲ್, ಅಂದರೆ ಸೇನಾ ನ್ಯಾಯಾಲಯದ ವಿಚಾರಣೆ, ನಡೆಸಿದರೆ 100ರವರೆಗೆ. ಬಳಸುತ್ತಿದ್ದದ್ದು ಒಂಬತ್ತು ಎಳೆಗಳ ಚಾಟಿ. ಶಿಕ್ಷೆ ನೋಡಲು ಎಲ್ಲ ನಾವಿಕರೂ ಡೆಕ್ ಮೇಲೆ ಬಂದು ನಿಲ್ಲಲೇಬೇಕಿತ್ತು. ಅಧಿಕಾರಿಗಳಿಗೆ ಈ ಶಿಕ್ಷೆ ಇರಲಿಲ್ಲ. ಇದು ಕೆಳಗಿನವರಿಗೆ ಮಾತ್ರ.

ಇಲ್ಲಿ ಮೂರು ಜನರ ಹೆಸರು ಗುರುತು ಮಾಡಿಕೊಳ್ಳಿ.

ಒಬ್ಬರು ರಿಚರ್ಡ್ ಹೆನ್ರಿ ಡೇನಾ. ಹಾರ್ವರ್ಡ್‌ನ ವಿದ್ಯಾರ್ಥಿಯಾಗಿದ್ದವರು, 1834ರಲ್ಲಿ ಬೋಸ್ಟನ್‌ನಿಂದ ಒಂದು ವ್ಯಾಪಾರಿ ಹಡಗಿನಲ್ಲಿ ಸಾಮಾನ್ಯ ನಾವಿಕರಾಗಿ ಕ್ಯಾಲಿಫೋರ್ನಿಯಾಕ್ಕೆ ಹೋದರು. ಅಲ್ಲಿ ಕ್ಯಾಪ್ಟನ್ ಇಬ್ಬರು ನಾವಿಕರಿಗೆ ಚಾಟಿಯಿಂದ ಹೊಡೆದದ್ದನ್ನು 1840ರಲ್ಲಿ ಬಂದ 'ಟೂ ಇಯರ್ಸ್ ಬಿಫೋರ್ ದ ಮಾಸ್ಟ್' ಪುಸ್ತಕದಲ್ಲಿ ಬರೆದರು.

ಎರಡನೆಯವರು ನೌಕಾ ಅಧಿಕಾರಿ ಯೂರಾಯ ಲೆವಿ. ಚಾಟಿ ಬಿಟ್ಟು ಬೇರೆ ಬಗೆಯಲ್ಲಿ ಶಿಸ್ತು ತರಲು ಹೋದವರು. ಒಬ್ಬ ಹುಡುಗನಿಗೆ ಹೊಡೆಸುವ ಬದಲು ಹಿಂಭಾಗಕ್ಕೆ ಸ್ವಲ್ಪ ಟಾರು ಬಳಿದು ಗಿಳಿಯ ಪುಕ್ಕ ಅಂಟಿಸಿದರು. ಅದಕ್ಕಾಗಿ ಅವರ ಮೇಲೆಯೇ ಕೋರ್ಟ್ ಮಾರ್ಷಲ್ ನಡೆಯಿತು. ಹನ್ನೆರಡು ಏಟು ಕೊಡಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ! ಕೆಲಸದಿಂದ ತೆಗೆಯಬೇಕು ಎಂಬ ತೀರ್ಪನ್ನು ಆಗಿನ ಅಧ್ಯಕ್ಷ ಜಾನ್ ಟೈಲರ್ ತಡೆದರು. ಆ ಕಾಲದಲ್ಲಿ ಯಾವುದು ಮಾಮೂಲು, ಯಾವುದು ಅಪರಾಧ ಅನ್ನುವುದು ಈ ಒಂದು ಘಟನೆಯಿಂದ ಚೆನ್ನಾಗಿ ಗೊತ್ತಾಗುತ್ತದೆ.

ಮೂರನೆಯವರು ನ್ಯೂ ಹ್ಯಾಂಪ್‌ಶೈರ್‌ನ ಸೆನೆಟರ್ ಜಾನ್ ಹೇಲ್. ಗುಲಾಮಗಿರಿಯ ವಿರುದ್ಧ ಸೆನೆಟ್‌ನಲ್ಲಿ ಗಟ್ಟಿಯಾಗಿ ದನಿ ಎತ್ತಿದ ಮೊದಲಿಗರಲ್ಲಿ ಒಬ್ಬರು. ಚಾಟಿ ಏಟನ್ನು ನಿಲ್ಲಿಸಬೇಕು ಅಂತ ಬೆನ್ನುಹತ್ತಿದವರೂ ಇವರೇ. 1850ರಲ್ಲಿ ಅವರಿಗೆ ಸೆನೆಟ್‌ನಲ್ಲಿ ಗೆಲುವು ಸಿಕ್ಕಿದ್ದು ಕೂದಲೆಳೆಯ ಅಂತರದಲ್ಲಿ. ವಿರೋಧಿಸಿದವರಲ್ಲಿ ದಕ್ಷಿಣದ ರಾಜ್ಯಗಳ ಸೆನೆಟರ್‌ಗಳೇ ಜಾಸ್ತಿ. ಬೆನ್ನಿನ ಮೇಲೆ ಚಾಟಿ ಬೀಸುವುದು ತಪ್ಪು ಅಂತ ಹಡಗಿನಲ್ಲಿ ಒಪ್ಪಿಕೊಂಡರೆ ಗುಲಾಮರು ದುಡಿಯುವ ಹತ್ತಿ ಹೊಲದಲ್ಲೂ ಒಪ್ಪಿಕೊಳ್ಳಬೇಕಾಗುತ್ತದೆ, ಅಲ್ವಾ? ಆ ಚರ್ಚೆಗಳನ್ನು 'ಕಾಂಗ್ರೆಷನಲ್ ಗ್ಲೋಬ್' ಎಂಬ ಕಲಾಪದ ವರದಿಯಲ್ಲಿ ಓದಬಹುದು. ಇದೂ ಲೈಬ್ರರಿ ಆಫ್ ಕಾಂಗ್ರೆಸ್‌ನ ಜಾಲತಾಣದಲ್ಲಿದೆ. 31ನೇ ಕಾಂಗ್ರೆಸ್, ಮೊದಲ ಅಧಿವೇಶನ ಅಂತ ಹುಡುಕಿ. ಅಕ್ಷರ ತುಂಬಾ ಸಣ್ಣದು. ಎಲ್ಲವನ್ನೂ ಓದುವ ಹಟ ಬೇಡ. ಹೇಲ್ ಅವರ ಹೆಸರು ಬರುವ ಕಡೆ ಮಾತ್ರ ನಿಲ್ಲಿ.

ಹೆಜ್ಜೆ 3: ಕಾದಂಬರಿಯನ್ನು 33ನೇ ಅಧ್ಯಾಯದಿಂದ ಶುರು ಮಾಡಿ

'ವೈಟ್-ಜಾಕೆಟ್' ದೊಡ್ಡ ಪುಸ್ತಕ. ತೊಂಬತ್ತಕ್ಕೂ ಹೆಚ್ಚು ಅಧ್ಯಾಯಗಳು. ಕಥೆ ಅಂತ ಹೆಚ್ಚೇನಿಲ್ಲ. ಯುದ್ಧನೌಕೆಯಲ್ಲಿ ಜನ ಹೇಗೆ ಮಲಗುತ್ತಾರೆ, ಏನು ತಿನ್ನುತ್ತಾರೆ, ಯಾರು ಯಾರಿಗೆ ಹೆದರುತ್ತಾರೆ ಅನ್ನುವುದರ ವಿವರ. ಮೊದಲ ಪುಟದಿಂದ ಹಿಡಿದವರು ಹಗ್ಗ, ಹಾಯಿಗಳ ಹೆಸರಲ್ಲೇ ಸುಸ್ತಾಗಿ ಬಿಟ್ಟುಬಿಡುವ ಸಂಭವ ಇದೆ. ಹಾಗಾಗಿ 33ರಿಂದ 36ರವರೆಗಿನ ನಾಲ್ಕು ಅಧ್ಯಾಯಗಳನ್ನು ಮೊದಲು ಓದಿ.

33ರಲ್ಲಿ ಒಂದು ಶಿಕ್ಷೆಯ ದೃಶ್ಯ. ಜಗಳವಾಡಿದ ನಾಲ್ವರು ನಾವಿಕರಿಗೆ ಒಬ್ಬರಾದ ಮೇಲೊಬ್ಬರಿಗೆ ಏಟು ಬೀಳುತ್ತದೆ. ಅವರಲ್ಲಿ ಪೀಟರ್ ಹತ್ತೊಂಬತ್ತರ ಆಸುಪಾಸಿನ ಹುಡುಗ. ಏಟು ತಿಂದು ಇಳಿದ ಮೇಲೆ, ಇನ್ನು ನನಗೆ ಏನಾದರೂ ಚಿಂತೆ ಇಲ್ಲ ಅನ್ನುತ್ತಾನೆ. ಇಡೀ ಪುಸ್ತಕದ ವಾದ ಈ ಹುಡುಗನ ಮಾತಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ. ಶಿಕ್ಷೆ ಅವನನ್ನು ತಿದ್ದಲಿಲ್ಲ. ತಿದ್ದಿಕೊಳ್ಳುವ ಆಸೆಯನ್ನೇ ಕಿತ್ತುಕೊಂಡಿತು.

ಮುಂದಿನ ಮೂರು ಅಧ್ಯಾಯಗಳಲ್ಲಿ ಮೆಲ್ವಿಲ್ ಕಥೆ ಬಿಟ್ಟು ವಕೀಲರಂತೆ ವಾದ ಮಾಡುತ್ತಾರೆ. ಕ್ಯಾಪ್ಟನ್ ತಾನೇ ಕಾನೂನು ಮಾಡುವವನು, ತಾನೇ ನ್ಯಾಯಾಧೀಶ, ತಾನೇ ಶಿಕ್ಷೆ ಕೊಡಿಸುವವನು. ಗಣರಾಜ್ಯ ಅಂತ ಹೇಳಿಕೊಳ್ಳುವ ದೇಶದಲ್ಲಿ ಇದು ಹೇಗೆ ನಡೆಯುತ್ತದೆ ಅಂತ ಕೇಳುತ್ತಾರೆ. ಚಾಟಿ ಇಲ್ಲದೆ ಹಡಗು ನಡೆಯುವುದಿಲ್ಲ ಅನ್ನುವವರಿಗೆ ಬ್ರಿಟಿಷ್ ಅಡ್ಮಿರಲ್ ಕಾಲಿಂಗ್‌ವುಡ್ ಅವರ ಉದಾಹರಣೆ ಕೊಡುತ್ತಾರೆ.

36ನೇ ಅಧ್ಯಾಯದ ಕೊನೆಯ ಭಾಗವನ್ನು ಎರಡು ಸಲ ಓದಿ. ಅಮೆರಿಕನ್ನರು ದೇವರು ಆರಿಸಿದ ಜನ, ಈ ಕಾಲದ ಇಸ್ರೇಲ್, ಲೋಕದ ಸ್ವಾತಂತ್ರ್ಯವನ್ನು ಹೊತ್ತವರು ಅಂತ ಅಲ್ಲಿ ಮೆಲ್ವಿಲ್ ಬರೆಯುತ್ತಾರೆ. ಮೆಕ್ಸಿಕೋ ಯುದ್ಧ ಮುಗಿದು ಎರಡೇ ವರ್ಷ ಆಗಿತ್ತು. ಕ್ಯಾಲಿಫೋರ್ನಿಯಾ ಆಗಷ್ಟೇ ಕೈಗೆ ಬಂದಿತ್ತು. ನಾವಿಕನ ಬೆನ್ನಿಗಾಗಿ ಕಣ್ಣೀರು ಹಾಕುವ ಅದೇ ಲೇಖನಿ ಈ ಮಾತನ್ನೂ ಬರೆಯುತ್ತದೆ. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳುವುದು ಕಷ್ಟ. ಆದರೂ ಹಿಡಿದುಕೊಳ್ಳಬೇಕು. ಒಂದನ್ನು ಮಾತ್ರ ಉದ್ಧರಿಸಿ ಪ್ರಬಂಧ ಬರೆಯುವುದು ಮೆಲ್ವಿಲ್‌ಗೂ ಅನ್ಯಾಯ, ಆ ಕಾಲಕ್ಕೂ ಅನ್ಯಾಯ.

ಆಮೇಲೆ 67ನೇ ಅಧ್ಯಾಯಕ್ಕೆ ಹೋಗಿ. ಅಲ್ಲಿ ಏಟು ತಿನ್ನುವ ಸರದಿ ಕಥೆ ಹೇಳುವವನಿಗೇ ಬರುತ್ತದೆ. ತನ್ನದಲ್ಲದ ತಪ್ಪಿಗೆ. ಆ ಕ್ಷಣದಲ್ಲಿ ಕ್ಯಾಪ್ಟನ್ ಮೇಲೆ ನುಗ್ಗಿ ಅವನನ್ನೂ ಎಳೆದುಕೊಂಡು ಸಮುದ್ರಕ್ಕೆ ಬೀಳಬೇಕು ಅನ್ನಿಸುತ್ತದೆ. ಕೊನೆಗೆ ಇಬ್ಬರು ಮುಂದೆ ಬಂದು ಅವನ ಪರವಾಗಿ ಮಾತಾಡಿ ಉಳಿಸುತ್ತಾರೆ. ಅವರಲ್ಲಿ ಒಬ್ಬ ಜ್ಯಾಕ್ ಚೇಸ್. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಸಿಗುತ್ತಾನೆ.

ಇಷ್ಟು ಓದಿದ ಮೇಲೆ ಉಳಿದ ಪುಸ್ತಕ ನಿಮ್ಮನ್ನು ತಾನಾಗಿಯೇ ಎಳೆಯುತ್ತದೆ.

ಹೆಜ್ಜೆ 4: ಕಾದಂಬರಿಯ ಹಡಗು ಬೇರೆ, ನಿಜವಾದ ಹಡಗು ಬೇರೆ

ಕಾದಂಬರಿಯಲ್ಲಿ ಹಡಗಿನ ಹೆಸರು 'ನೆವರ್‌ಸಿಂಕ್'. ನಿಜದಲ್ಲಿ ಅದು 'ಯುನೈಟೆಡ್ ಸ್ಟೇಟ್ಸ್' ಎಂಬ ಫ್ರಿಗೇಟ್, ಅಂದರೆ ಹಾಯಿಗಳ ಯುದ್ಧನೌಕೆ. 1794ರ ಕಾನೂನಿನಂತೆ ಕಟ್ಟಿದ ಮೊದಲ ಆರು ಹಡಗುಗಳಲ್ಲಿ ಒಂದು, 1797ರಲ್ಲಿ ಫಿಲಡೆಲ್ಫಿಯಾದಲ್ಲಿ ನೀರಿಗಿಳಿದದ್ದು. 1812ರಲ್ಲಿ ಸ್ಟೀಫನ್ ಡೆಕೇಟರ್ ಇದೇ ಹಡಗಿನಿಂದ ಬ್ರಿಟಿಷರ 'ಮ್ಯಾಸಿಡೋನಿಯನ್' ಅನ್ನು ಸೆರೆಹಿಡಿದಿದ್ದರು. 1842ರ ಅಕ್ಟೋಬರ್‌ನಲ್ಲಿ ಕಮೊಡೋರ್ ಥಾಮಸ್ ಜೋನ್ಸ್ ಇದೇ ಹಡಗಿನಲ್ಲಿ ಬಂದು, ಮೆಕ್ಸಿಕೋ ಜೊತೆ ಯುದ್ಧ ಶುರುವಾಗಿದೆ ಅಂತ ತಪ್ಪಾಗಿ ತಿಳಿದು, ಕ್ಯಾಲಿಫೋರ್ನಿಯಾದ ಮಾಂಟೆರೇ ಊರನ್ನು ವಶಪಡಿಸಿಕೊಂಡಿದ್ದರು. ಒಂದೆರಡು ದಿನದಲ್ಲೇ ಕ್ಷಮೆ ಕೇಳಿ ವಾಪಸ್ ಕೊಟ್ಟರು. ಅಮೆರಿಕದ ಕಣ್ಣು ಎಲ್ಲಿತ್ತು ಅಂತ ತಿಳಿಯಲು ಈ ಘಟನೆ ಸಾಕು.

ಮೆಲ್ವಿಲ್ ಈ ಹಡಗನ್ನು ಹತ್ತಿದ್ದು 1843ರ ಆಗಸ್ಟ್‌ನಲ್ಲಿ, ಹೊನೊಲುಲುವಿನಲ್ಲಿ. ಇಳಿದದ್ದು 1844ರ ಅಕ್ಟೋಬರ್‌ನಲ್ಲಿ, ಬೋಸ್ಟನ್‌ನಲ್ಲಿ. ಈ ಅವಧಿಯಲ್ಲಿ ಹಡಗಿನ ಲಾಗ್ ಬುಕ್ಕಿನಲ್ಲಿ ದಾಖಲಾದ ಚಾಟಿ ಶಿಕ್ಷೆಗಳು 163. ಎಲ್ಲರೂ ನಿಂತು ನೋಡಬೇಕು ಅನ್ನುವ ನಿಯಮ ಇದ್ದದ್ದರಿಂದ ಮೆಲ್ವಿಲ್ ಅವನ್ನೆಲ್ಲ ನೋಡಿದ್ದಾರೆ. ಕಾದಂಬರಿಯ ಕೋಪಕ್ಕೆ ಬುನಾದಿ ಇದು.

ಹಾಗಂತ ಪುಸ್ತಕದ ಎಲ್ಲವೂ ನಡೆದದ್ದಲ್ಲ. ಕೊನೆಯ ಹೊತ್ತಿಗೆ ಕಥಾನಾಯಕ ಎತ್ತರದ ಹಾಯಿಕಂಬದಿಂದ ಸಮುದ್ರಕ್ಕೆ ಬೀಳುವ ಪ್ರಸಿದ್ಧ ದೃಶ್ಯವಿದೆ. ಅದನ್ನು ಮೆಲ್ವಿಲ್ ನಥೇನಿಯಲ್ ಏಮ್ಸ್ ಎಂಬ ನಾವಿಕ ಲೇಖಕರ ಹಳೆಯ ಪುಸ್ತಕದಿಂದ ಎತ್ತಿಕೊಂಡು ತಮ್ಮದಾಗಿ ಬರೆದರು. ಬರೆದ ರೀತಿ ಅದ್ಭುತ. ಆದರೆ ಅದು ಮೆಲ್ವಿಲ್ ಜೀವನದ ಘಟನೆ ಅಂತ ಎಲ್ಲೂ ಬರೆಯಬೇಡಿ.

ನೋಟ್‌ಬುಕ್ಕಿನಲ್ಲಿ ಪುಟವನ್ನು ಎರಡು ಭಾಗ ಮಾಡಿ. ಎಡಕ್ಕೆ ಕಾದಂಬರಿ ಹೇಳುವುದು, ಬಲಕ್ಕೆ ದಾಖಲೆ ಹೇಳುವುದು. ಬಲಗಡೆ ಖಾಲಿ ಉಳಿದರೆ ಖಾಲಿಯೇ ಇರಲಿ. ಊಹೆಯಿಂದ ತುಂಬಬೇಡಿ.

ಹೆಜ್ಜೆ 5: ಒಂದು ದಂತಕಥೆಯನ್ನು ಪರೀಕ್ಷೆ ಮಾಡಿ

'ವೈಟ್-ಜಾಕೆಟ್' ಪ್ರತಿಯನ್ನು ಕಾಂಗ್ರೆಸ್‌ನ ಪ್ರತಿ ಸದಸ್ಯರ ಮೇಜಿನ ಮೇಲೂ ಇಡಲಾಗಿತ್ತು, ಅದನ್ನು ಓದಿಯೇ ಅವರು ಚಾಟಿಯನ್ನು ನಿಲ್ಲಿಸಿದರು ಎಂಬ ಮಾತು ಈಗಲೂ ಓಡಾಡುತ್ತದೆ. ಅದು ಹರಡಿದ್ದು ರಿಯರ್ ಅಡ್ಮಿರಲ್ ಸ್ಯಾಮ್ಯುಯಲ್ ಫ್ರಾಂಕ್ಲಿನ್ ಅವರ ನೆನಪಿನ ಪುಸ್ತಕದಿಂದ. ಅವರು ಮೆಲ್ವಿಲ್ ಇದ್ದ ಹಡಗಿನಲ್ಲೇ ಕಿರಿಯ ಅಧಿಕಾರಿಯಾಗಿದ್ದವರು. ಪುಸ್ತಕ ಬಂದದ್ದು 1898ರಲ್ಲಿ. ಅಂದರೆ ಘಟನೆ ನಡೆದು ಹೆಚ್ಚುಕಡಿಮೆ ಐವತ್ತು ವರ್ಷದ ಮೇಲೆ. ಮುಂದೆ ಸಂಶೋಧಕರು ಹುಡುಕಿದಾಗ ಆ ಮಾತಿಗೆ ಆಧಾರ ಸಿಗಲಿಲ್ಲ.

ತಾರೀಖುಗಳನ್ನು ನೀವೇ ಜೋಡಿಸಿ ನೋಡಿ. ಮೆಲ್ವಿಲ್ ಕಾದಂಬರಿ ಬರೆದದ್ದು 1849ರ ಬೇಸಿಗೆಯಲ್ಲಿ, ಸುಮಾರು ಎರಡು ತಿಂಗಳಲ್ಲಿ. ಅಷ್ಟರಲ್ಲೇ ಸೆನೆಟ್‌ನಲ್ಲಿ ಚರ್ಚೆ ಶುರುವಾಗಿತ್ತು, ಸುಧಾರಣೆ ಕೇಳುವವರ ಗುಂಪುಗಳು ಎದ್ದಿದ್ದವು. ಮೆಲ್ವಿಲ್ ಹರಿಯುವ ಹೊಳೆಗೆ ತಮ್ಮ ನೀರನ್ನೂ ಸೇರಿಸಿದರು. ಹೊಳೆಯನ್ನು ಹುಟ್ಟಿಸಲಿಲ್ಲ.

ಇದರಿಂದ ಕಾದಂಬರಿಯ ಬೆಲೆ ಕಡಿಮೆಯಾಗುತ್ತದೆ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಕಾನೂನಿನ ಒಂದು ಸಾಲಿನಲ್ಲಿ ಪೀಟರ್ ಇಲ್ಲ. ಕಾಂಗ್ರೆಸ್ ಕಲಾಪದ ನೂರಾರು ಪುಟಗಳಲ್ಲೂ ಅವನಿಲ್ಲ.

ಹೆಜ್ಜೆ 6: 1850ರ ಸೆಪ್ಟೆಂಬರ್ ತಿಂಗಳನ್ನು ಒಂದೇ ಹಾಳೆಯಲ್ಲಿ ಬರೆಯಿರಿ

ಈ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ. ಒಂದು ಖಾಲಿ ಹಾಳೆ ತೆಗೆದುಕೊಂಡು ಆ ತಿಂಗಳ ಘಟನೆಗಳನ್ನು ಸಾಲಾಗಿ ಬರೆಯಿರಿ. ಜುಲೈ 9ರಂದು ಅಧ್ಯಕ್ಷ ಜಕಾರಿ ಟೇಲರ್ (ಹಿಂದೆ ಬಂದ ಟೈಲರ್ ಬೇರೆ) ತೀರಿಕೊಂಡು ಮಿಲರ್ಡ್ ಫಿಲ್‌ಮೋರ್ ಅಧ್ಯಕ್ಷರಾಗಿದ್ದರು. ಸೆಪ್ಟೆಂಬರ್‌ನಲ್ಲಿ ಅವರು ಒಂದಾದ ಮೇಲೊಂದು ಕಾನೂನಿಗೆ ಸಹಿ ಹಾಕಿದರು. ಕ್ಯಾಲಿಫೋರ್ನಿಯಾ ರಾಜ್ಯವಾಯಿತು. 18ರಂದು ಓಡಿಹೋದ ಗುಲಾಮರನ್ನು ಹಿಡಿದು ಮಾಲೀಕರಿಗೆ ಒಪ್ಪಿಸುವ ಕಾನೂನು ಬಂತು. ಉತ್ತರದ ರಾಜ್ಯದ ಸಾಮಾನ್ಯ ಜನ ಕೂಡ ಹಿಡಿದುಕೊಡಲು ನೆರವಾಗಬೇಕು ಎಂಬ ನಿಯಮ ಅದರಲ್ಲಿತ್ತು. 20ರಂದು ರಾಜಧಾನಿ ವಾಷಿಂಗ್ಟನ್‌ನಲ್ಲಿ ಗುಲಾಮರ ವ್ಯಾಪಾರ ನಿಲ್ಲಿಸಿದರು. 28ರಂದು ನಾವಿಕರ ಚಾಟಿ ರದ್ದು.

18 ಮತ್ತು 28. ಹತ್ತು ದಿನದ ಅಂತರ. ಅದೇ ಕಾಂಗ್ರೆಸ್, ಅದೇ ಅಧ್ಯಕ್ಷ. ಒಬ್ಬನ ಬೆನ್ನಿನಿಂದ ಚಾಟಿ ತೆಗೆದರು, ಇನ್ನೊಬ್ಬನನ್ನು ಚಾಟಿಯ ಕೆಳಗೆ ವಾಪಸ್ ಕಳಿಸಿದರು. ನನಗೆ ಇಡೀ ವಿಷಯದಲ್ಲಿ ಅತಿ ಮುಖ್ಯ ಅನ್ನಿಸುವುದು ಇದು. ನೌಕಾ ಇತಿಹಾಸವನ್ನು ಮಾತ್ರ ಓದಿದವರಿಗೆ ಇದು ಪ್ರಗತಿಯ ಕಥೆಯಾಗಿ ಕಾಣುತ್ತದೆ. ರಾಜಕೀಯವನ್ನು ಮಾತ್ರ ಓದಿದವರು 28ನೇ ತಾರೀಖನ್ನು ಗಮನಿಸುವುದೇ ಇಲ್ಲ.

ಅದೇ ಹಾಳೆಯಲ್ಲಿ ಜನರನ್ನೂ ಬರೆಯಿರಿ. ಮೆಲ್ವಿಲ್ ಅವರ ಮಾವ, ಅಂದರೆ ಹೆಂಡತಿಯ ತಂದೆ, ಲೆಮ್ಯುಯಲ್ ಶಾ. ಮೆಸಾಚುಸೆಟ್ಸ್ ರಾಜ್ಯದ ಮುಖ್ಯ ನ್ಯಾಯಾಧೀಶರು. 1846ರಲ್ಲಿ ಬಂದ ತಮ್ಮ ಮೊದಲ ಪುಸ್ತಕ 'ಟೈಪಿ'ಯನ್ನು ಮೆಲ್ವಿಲ್ ಅರ್ಪಿಸಿದ್ದು ಅವರಿಗೇ. 1851ರಲ್ಲಿ ಥಾಮಸ್ ಸಿಮ್ಸ್ ಎಂಬ, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಯುವಕನನ್ನು ಬಿಡಿಸಲು ಬೋಸ್ಟನ್‌ನ ವಕೀಲರು ಹೋರಾಡಿದಾಗ ಶಾ ಅವರ ನ್ಯಾಯಾಲಯ ನೆರವಿಗೆ ಬರಲಿಲ್ಲ. ಸಿಮ್ಸ್ ಜಾರ್ಜಿಯಾಕ್ಕೆ ವಾಪಸ್ ಹೋಗಬೇಕಾಯಿತು. ನಾವಿಕರ ಕಷ್ಟ ಬರೆದ ಡೇನಾ ಅಷ್ಟರಲ್ಲಿ ವಕೀಲರಾಗಿದ್ದರು. 1854ರಲ್ಲಿ ಆಂಟನಿ ಬರ್ನ್ಸ್ ಎಂಬ ಇನ್ನೊಬ್ಬ ಸೆರೆಸಿಕ್ಕಾಗ ಅವನ ಪರವಾಗಿ ವಾದಿಸಿದವರು ಅವರು. ಸೋತರು. ಆದರೆ ನಿಂತರು.

ಸೆಪ್ಟೆಂಬರ್ 1850ರಲ್ಲೇ ಮೆಲ್ವಿಲ್ ಮೆಸಾಚುಸೆಟ್ಸ್‌ನ ಪಿಟ್ಸ್‌ಫೀಲ್ಡ್‌ನಲ್ಲಿ 'ಆರೋಹೆಡ್' ಎಂಬ ಹೊಲಮನೆ ಕೊಂಡರು. ಮುಂದಿನ ವರ್ಷ 'ಮೋಬಿ-ಡಿಕ್' ಮುಗಿಸಿದ್ದು ಅಲ್ಲೇ. ಈ ಹಾಳೆ ಎದುರಿಗಿಟ್ಟುಕೊಂಡು ಆ ಕಾದಂಬರಿ ಓದಿದರೆ ಕ್ಯಾಪ್ಟನ್ ಏಹಬ್‌ನ ಅಧಿಕಾರ ಬೇರೆಯದೇ ರೀತಿ ಕಾಣುತ್ತದೆ.

ಕಾನೂನು ಬಂದ ಕೂಡಲೇ ಎಲ್ಲ ಮುಗಿಯಲಿಲ್ಲ ಅನ್ನುವುದನ್ನೂ ಹಾಳೆಯ ಕೊನೆಯಲ್ಲಿ ಸೇರಿಸಿ. ಚಾಟಿಯನ್ನು ವಾಪಸ್ ತನ್ನಿ ಎಂಬ ಒತ್ತಾಯ ಬಂತು. 1852ರ ಜನವರಿಯಲ್ಲಿ ಸೆನೆಟರ್ ರಾಬರ್ಟ್ ಸ್ಟಾಕ್‌ಟನ್ ಅದರ ವಿರುದ್ಧ ಮಾತಾಡಿದರು. ಅವರು ಸ್ವತಃ ನೌಕಾ ಅಧಿಕಾರಿಯಾಗಿದ್ದವರು. 1855ರಲ್ಲಿ ಸಣ್ಣ ತಪ್ಪುಗಳಿಗಾಗಿ ಚಿಕ್ಕ ವಿಚಾರಣಾ ನ್ಯಾಯಾಲಯಗಳ ವ್ಯವಸ್ಥೆ ಬಂತು.

ಹೆಜ್ಜೆ 7: 'ಸೋಮರ್ಸ್' ಮತ್ತು 'ಬಿಲ್ಲಿ ಬಡ್'

ಇನ್ನೊಂದು ಘಟನೆಯನ್ನು ಓದದೆ ಈ ವಿಷಯ ಪೂರ್ತಿಯಾಗುವುದಿಲ್ಲ. 1842ರ ಡಿಸೆಂಬರ್ 1ರಂದು 'ಸೋಮರ್ಸ್' ಎಂಬ ತರಬೇತಿ ಹಡಗಿನಲ್ಲಿ ಮೂವರನ್ನು ನೇಣಿಗೇರಿಸಿದರು. ದಂಗೆಯ ಸಂಚು ಎಂಬ ಆರೋಪ. ಅವರಲ್ಲಿ ಒಬ್ಬ ಹತ್ತೊಂಬತ್ತರ ಫಿಲಿಪ್ ಸ್ಪೆನ್ಸರ್. ಆಗಿನ ಯುದ್ಧ ಮಂತ್ರಿಯ ಮಗ. ಸರಿಯಾದ ಕೋರ್ಟ್ ಮಾರ್ಷಲ್ ನಡೆಯಲಿಲ್ಲ. ಅಧಿಕಾರಿಗಳು ಸೇರಿ ಸಲಹೆ ಕೊಟ್ಟರು, ಕ್ಯಾಪ್ಟನ್ ಅಲೆಕ್ಸಾಂಡರ್ ಮೆಕೆಂಜಿ ಜಾರಿ ಮಾಡಿದರು. ಆ ಹಡಗಿನ ಮೊದಲ ಲೆಫ್ಟಿನೆಂಟ್ ಗರ್ಟ್ ಗ್ಯಾನ್ಸ್‌ವೋರ್ಟ್. ಮೆಲ್ವಿಲ್‌ಗೆ ಸಂಬಂಧದಲ್ಲಿ ಅಣ್ಣ.

ಊರಿಗೆ ಬಂದ ಮೇಲೆ ಮೆಕೆಂಜಿ ಮೇಲೆ ಕೋರ್ಟ್ ಮಾರ್ಷಲ್ ನಡೆದು ಖುಲಾಸೆಯಾಯಿತು. ಕಾದಂಬರಿಕಾರ ಜೇಮ್ಸ್ ಫೆನಿಮೋರ್ ಕೂಪರ್ ಆ ತೀರ್ಪನ್ನು ಕಟುವಾಗಿ ಟೀಕಿಸಿದರು. ವಿಚಾರಣೆಯ ಕಲಾಪವೂ ಕೂಪರ್ ಟೀಕೆಯೂ ಸೇರಿ 1844ರಲ್ಲಿ ಪುಸ್ತಕವಾಗಿ ಬಂತು. ಡೇನಾ ಮಾತ್ರ ಮೆಕೆಂಜಿ ಪರ ನಿಂತರು. ಹುಡುಗರನ್ನು ಸಮುದ್ರದಲ್ಲೇ ಬಿಟ್ಟು ಅಧಿಕಾರಿಗಳನ್ನಾಗಿ ಮಾಡುವ ಹಳೆಯ ಪದ್ಧತಿ ಸರಿಯಿಲ್ಲ ಎಂಬ ಮಾತಿಗೆ ಈ ಪ್ರಕರಣದಿಂದ ಬಲ ಬಂತು. 1845ರ ಅಕ್ಟೋಬರ್‌ನಲ್ಲಿ ನೌಕಾ ಕಾರ್ಯದರ್ಶಿ ಜಾರ್ಜ್ ಬ್ಯಾಂಕ್ರಾಫ್ಟ್ ಅನಾಪೊಲಿಸ್‌ನಲ್ಲಿ ನೌಕಾ ಅಕಾಡೆಮಿ ತೆರೆದರು. ಸಂಸ್ಥೆಯ ದೃಷ್ಟಿಯಿಂದ ನೋಡಿದರೆ ಇದು ಚಾಟಿ ಕಾನೂನಿಗಿಂತ ದೊಡ್ಡ ತಿರುವು.

ಈಗ 'ಬಿಲ್ಲಿ ಬಡ್' ತೆಗೆದುಕೊಳ್ಳಿ. ಮೆಲ್ವಿಲ್ ಕೊನೆಯ ವರ್ಷಗಳಲ್ಲಿ ಬರೆಯುತ್ತಿದ್ದ ಕಥೆ. 1891ರ ಸೆಪ್ಟೆಂಬರ್ 28ರಂದು ಅವರು ತೀರಿಕೊಂಡರು. ಚಾಟಿ ರದ್ದಾದ ತಾರೀಖೇ ಅದು, 41 ವರ್ಷದ ಮೇಲೆ. ಕಥೆ ಅಚ್ಚಾದದ್ದು 1924ರಲ್ಲಿ. ಬ್ರಿಟಿಷ್ ನೌಕಾಪಡೆಯಲ್ಲಿ 1797ರಲ್ಲಿ ಸ್ಪಿಟ್‌ಹೆಡ್ ಮತ್ತು ನೋರ್‌ನಲ್ಲಿ ದಂಗೆಗಳಾದ ನಂತರದ ದಿನಗಳ ಕಥೆ. ಒಳಗೆ 'ಸೋಮರ್ಸ್' ಹೆಸರೂ ಬರುತ್ತದೆ. ಅರ್ಪಣೆ ಯಾರಿಗೆ ಗೊತ್ತಾ? ಜ್ಯಾಕ್ ಚೇಸ್‌ಗೆ.

ಪ್ರತಿ ಆರಿಸುವಾಗ ಒಂದು ಎಚ್ಚರ. ಹಡಗಿನ ಹೆಸರು 'ಇಂಡಾಮಿಟಬಲ್' ಅಂತಿದ್ದರೆ ಅದು ಹಳೆಯ ಪಾಠ. 'ಬೆಲಿಪೋಟೆಂಟ್' ಅಂತಿದ್ದರೆ ಕೈಬರಹವನ್ನು ಹೊಸದಾಗಿ ಪರಿಶೀಲಿಸಿ 1962ರಲ್ಲಿ ಬಂದ ಪಾಠವನ್ನು ಅನುಸರಿಸಿದ್ದು. ಹಳೆಯದರಲ್ಲಿ ಮೆಲ್ವಿಲ್ ತಾವೇ ಕೈಬಿಟ್ಟಿದ್ದ ಒಂದು ಮುನ್ನುಡಿಯೂ ಸೇರಿಕೊಂಡಿದೆ. ಎರಡನೆಯದನ್ನೇ ಓದಿ.

ಹೆಜ್ಜೆ 8: ಸಾಧ್ಯವಾದರೆ ಡೆಕ್ ಮೇಲೆ ನಿಲ್ಲಿ

ಬೋಸ್ಟನ್ ಕಡೆ ಇರುವ ಕನ್ನಡಿಗರಿಗೆ, ಮಕ್ಕಳನ್ನು ನೋಡಲು ಅಲ್ಲಿಗೆ ಹೋಗುವ ಅಪ್ಪ ಅಮ್ಮಂದಿರಿಗೆ ಇದು ಸುಲಭ. ಮೆಲ್ವಿಲ್ ಇದ್ದ ಹಡಗಿನ ಜೊತೆಗೇ ಕಟ್ಟಿದ 'ಕಾನ್‌ಸ್ಟಿಟ್ಯೂಷನ್' ಈಗಲೂ ಚಾರ್ಲ್ಸ್‌ಟೌನ್ ನೇವಿ ಯಾರ್ಡ್‌ನಲ್ಲಿ ನೀರಿನ ಮೇಲಿದೆ. ನೌಕಾಪಡೆಯೇ ನೋಡಿಕೊಳ್ಳುತ್ತದೆ. ಹೋಗುವ ಮುನ್ನ ಸಮಯ ನೋಡಿಕೊಳ್ಳಿ, ಗುರುತಿನ ಚೀಟಿ ಇಟ್ಟುಕೊಳ್ಳಿ. ಫಿರಂಗಿಗಳ ಡೆಕ್‌ಗೂ ಅದರ ಕೆಳಗೆ ನಾವಿಕರು ಮಲಗುತ್ತಿದ್ದ ಡೆಕ್‌ಗೂ ಇಳಿದು ನೋಡಿ. ನೂರಾರು ಜನ ಇಂಥ ಜಾಗದಲ್ಲಿ ತಿಂಗಳುಗಟ್ಟಲೆ ಇದ್ದರು ಅನ್ನುವುದು ಪುಸ್ತಕದಿಂದ ಅಷ್ಟಾಗಿ ಮನಸ್ಸಿಗೆ ಇಳಿಯುವುದಿಲ್ಲ. 'ಆರೋಹೆಡ್' ಕೂಡ ಈಗ ವಸ್ತುಸಂಗ್ರಹಾಲಯ.

ಮುಂದಿನ ತಿರುವಿಗೆ ಇದೇ ಕ್ರಮ ಬಳಸಬೇಕು ಅಂದರೆ 1862ರ ಮಾರ್ಚ್ 8 ಮತ್ತು 9 ಒಳ್ಳೆಯ ಆಯ್ಕೆ. ಹ್ಯಾಂಪ್ಟನ್ ರೋಡ್ಸ್‌ನಲ್ಲಿ ಅಂತರ್ಯುದ್ಧದ ವೇಳೆ ದಕ್ಷಿಣದವರ ಕಬ್ಬಿಣದ ಕವಚದ 'ವರ್ಜೀನಿಯಾ' ಮೊದಲ ದಿನ ಉತ್ತರದವರ ಮರದ ಹಡಗುಗಳಾದ 'ಕಂಬರ್‌ಲ್ಯಾಂಡ್' ಮತ್ತು 'ಕಾಂಗ್ರೆಸ್' ಅನ್ನು ನಾಶಮಾಡಿತು. ಮರುದಿನ ಉತ್ತರದವರ ಕಬ್ಬಿಣದ ಹಡಗು 'ಮಾನಿಟರ್' ಬಂದು ಅದನ್ನು ತಡೆಯಿತು. ಮೆಲ್ವಿಲ್ ಆ ಕಾಳಗದ ಬಗ್ಗೆ ಪದ್ಯಗಳನ್ನು ಬರೆದಿದ್ದಾರೆ. 1866ರ 'ಬ್ಯಾಟಲ್-ಪೀಸಸ್' ಸಂಗ್ರಹದಲ್ಲಿವೆ. 'ದ ಕಂಬರ್‌ಲ್ಯಾಂಡ್' ಮೊದಲು ಓದಿ, ಆಮೇಲೆ 'ಎ ಯುಟಿಲಿಟೇರಿಯನ್ ವ್ಯೂ ಆಫ್ ದ ಮಾನಿಟರ್ಸ್ ಫೈಟ್'. ಓದುವಾಗ ಪಕ್ಕದಲ್ಲಿ ನಾರ್ಫೋಕ್ ಬಂದರಿನ ನಕ್ಷೆ ಇರಲಿ. ಅವರು ನಾವಿಕರಾಗಿದ್ದ ಹಳೆಯ 'ಯುನೈಟೆಡ್ ಸ್ಟೇಟ್ಸ್' ಆಗ ಅಲ್ಲೇ, ದಕ್ಷಿಣದವರ ಕೈಯಲ್ಲಿತ್ತು.